ಕಡಲೆಗೆ ಹೆದರಿದ ಕಾರು

ಹನ್ನೊಂದು ಸೆಕೆಂಡಿನ ಆ ವಿಡಿಯೊ ತುಣುಕನ್ನು ನಾನು ಒಂದು ವಾರ ನೋಡಿದೆ. ನೋಡುವುದೇ ನನ್ನ ಕೆಲಸವಾಗಿತ್ತು. ಮೊದಲ ಸೆಕೆಂಡಿನಲ್ಲಿ, ಕಾರಿನ ಹಿಂದೆ ದೂರದಲ್ಲಿ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹೆಬ್ಬೆರಳಿನಷ್ಟು ಕಾಣುತ್ತದೆ. ಕೊನೆಯ ಸೆಕೆಂಡಿನಲ್ಲಿ ಪರದೆಯ ತುಂಬ ಕಬ್ಬು. ನಡುವಿನ ಒಂದೊಂದು ಚಿತ್ರವನ್ನೂ ನಿಲ್ಲಿಸಿ, ಟ್ರ್ಯಾಕ್ಟರಿನ ಸುತ್ತ ಮೌಸ್ ಹಿಡಿದು ಚೌಕ ಎಳೆದು, ಅದು ಏನೆಂದು ಪಕ್ಕದಲ್ಲಿ ಬರೆಯಬೇಕು. ಚಿತ್ರದಿಂದ ಚಿತ್ರಕ್ಕೆ ಚೌಕ ದೊಡ್ಡದಾಗುತ್ತ ಹೋಗುತ್ತದೆ. ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದವಳು ನಾನೇ. ತನ್ನ ಮೇಲೆ ಬರುವ ಟ್ರ್ಯಾಕ್ಟರಿಗೆ ತಾನೇ ಚೌಕಟ್ಟು ಹಾಕುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ನಾನು ಗೋಕಾಕದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ, ವರ್ಷಕ್ಕೊಮ್ಮೆ ಎದ್ದು ಹೋಗು ಎನ್ನಿಸಿಕೊಂಡು ಮತ್ತೆ ಬಂದು ಕೂಡುವವರು. ಆ ವರ್ಷ ಎದ್ದು ಹೋಗಿದ್ದಾಗ ಒಂದು ಕಂಪನಿಯವರು ನಮ್ಮ ಕಡೆಗೆ ಬಂದರು. ಅವರ ಬಳಿ ತಾನೇ ಓಡುವ ಕಾರಿತ್ತು. ಅಂಥ ಕಾರೂ ಮನುಷ್ಯರು ಓಡಿಸುವ ಗಾಡಿಗಳೂ ಒಂದೇ ರಸ್ತೆಯಲ್ಲಿ ಹೇಗೆ ಬಾಳುವೆ ಮಾಡುತ್ತವೆ ಎಂಬುದನ್ನು ಅಭ್ಯಾಸ ಮಾಡಬೇಕಿತ್ತು. 'ಕಂಪ್ಯೂಟರಿನೊಳಗಿನ ರಸ್ತೆ ಬೇಡ, ನಿಜವಾದ ರಸ್ತೆಯ ದತ್ತಾಂಶ ಬೇಕು' ಎಂದು ಅವರ ಎಂಜಿನಿಯರ್ ಮೊದಲ ದಿನವೇ ಮೂರು ಸಲ ಹೇಳಿದ. ಕ್ಯಾಮೆರಾ ಸೆರೆಹಿಡಿದದ್ದರಲ್ಲಿ ಯಾವುದು ಏನೆಂದು ಹೆಸರು ಬರೆಯಲು ಸ್ಥಳೀಯರೂ ಪದವೀಧರರೂ ಆದ ಒಬ್ಬರು ಬೇಕಿತ್ತು. ನಾನು ಎರಡೂ ಆಗಿದ್ದೆ, ಖಾಲಿಯೂ ಇದ್ದೆ.

ಕಾರು ಬೆಳ್ಳಗಿತ್ತು. ನೆತ್ತಿಯ ಮೇಲೆ ರೊಟ್ಟಿ ಡಬ್ಬಿಯಂಥದೊಂದು ಸದಾ ತಿರುಗುತ್ತಿತ್ತು. ಸ್ಟೇರಿಂಗಿನ ಹಿಂದೆ ಹುಕ್ಕೇರಿಯ ಒಬ್ಬ ಅಣ್ಣ ಕೂಡುತ್ತಿದ್ದ. ಅವನು ಹದಿನೈದು ವರ್ಷ ಟಂಟಂ, ಅಂದರೆ ಮಂದಿ ಹೇರುವ ಮೂರು ಗಾಲಿಯ ಗಾಡಿ, ಓಡಿಸಿದವನು. ಈಗ ಅವನ ಕೆಲಸ ಓಡಿಸದೆ ಇರುವುದು. ತೀರ ಅಪಾಯವಾದರೆ ಮಾತ್ರ ಸ್ಟೇರಿಂಗ್ ಹಿಡಿಯಬೇಕು; ಹಿಡಿದರೆ ಅದೊಂದು 'ಹಸ್ತಕ್ಷೇಪ' ಎಂದು ದಾಖಲಾಗಿ ಆ ದಿನದ ದತ್ತಾಂಶ ಕೆಡುತ್ತದೆ. ಎಂಜಿನಿಯರ್ ಬಾಜೂಕ ಕುಳಿತು ಅವನ ಕೈಗಳನ್ನೇ ಕಾಯುತ್ತಿದ್ದ.

"ಅಕ್ಕಾರ, ನಮ್ಮವ್ವ ಕೇಳತಾಳ, ಏನ ಕೆಲಸ ಮಾಡ್ತೀಯೋ ಅಂತ. ತೊಡಿ ಮ್ಯಾಲ ಕೈ ಇಟಗೊಂಡು ಕೂಡತೇನಿ, ಪಗಾರ ಕೊಡತಾರ ಅಂದೆ. ಹಂಗಾರ ನೀ ಎಮ್ಮೆಲ್ಲೆ ಆದಿ ಬಿಡು ಅಂದ್ಲು" ಎಂದು ಆ ಅಣ್ಣ ನಗುತ್ತಿದ್ದ.

ಮೊದಲ ವಾರ ಹತ್ತರಗಿಯ ಹೆದ್ದಾರಿಯಲ್ಲಿ ಕಾರು ಹೊಸ ಸೊಸೆಯಂತೆ ನಡೆದುಕೊಂಡಿತು. ತಲೆ ಎತ್ತಲಿಲ್ಲ, ಗೆರೆ ದಾಟಲಿಲ್ಲ. ಎಂಜಿನಿಯರನಿಗೆ ಬೇಸರವಾಯಿತು. 'ಇದು ನಿಜವಾದ ರಸ್ತೆ ಅಲ್ಲ' ಎಂದು ಒಳದಾರಿಗಳಿಗೆ ಇಳಿಸಿದ. ಅಲ್ಲಿ ನಿಜ ಬೇಕಾದಷ್ಟಿತ್ತು. ಆದರೆ ಡಬ್ಬಿ ಹೊತ್ತ ಕಾರು ಕಂಡ ಕೂಡಲೇ ಆ ನಿಜ ಬೇರೆಯೇ ಆಗಿಬಿಡುತ್ತಿತ್ತು. ಬೈಕಿನವರು ಬಾಜೂಕ ಬಂದು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಮೈಲುಗಟ್ಟಲೆ ಜೊತೆ ಬರುತ್ತಿದ್ದರು. ನಮ್ಮ ದತ್ತಾಂಶವನ್ನು ನಂಬುವುದಾದರೆ ಹುಕ್ಕೇರಿ ತಾಲೂಕಿನ ಬೈಕ್ ಸವಾರರು ಕಾರಿನ ಪಕ್ಕದಲ್ಲೇ, ಒಂದು ಕೈ ಎತ್ತಿಕೊಂಡೇ, ಹಲ್ಲು ತೋರಿಸುತ್ತಲೇ ಓಡಾಡುವವರು. ನಾವು ನೋಡುತ್ತಿದ್ದೇವೆ ಎಂದೇ ಅವರು ಹೀಗೆ ಓಡಿಸುತ್ತಾರೆ, ಇದು ನೋಡುವವರಿಂದಲೇ ಆಗುವ ದೋಷ ಎಂದು ನಾನು ಎಂಜಿನಿಯರನಿಗೆ ತಿಳಿಸಿದೆ. 'ಅದನ್ನೂ ಕಲಿಯಲಿ ಮೇಡಂ' ಎಂದ.

ಘೋಡಗೇರಿಯ ಚಹಾ ಅಂಗಡಿಯ ಮುಂದೆ ಒಬ್ಬ ಮುದುಕ ಕೇಳಿದ: "ರಸ್ತಾ ಅಗಲ ಮಾಡಾಕ ಬಂದೀರೇನ್ರಿ?"

"ಇಲ್ಲ ಅಜ್ಜಾ, ಕಾರಿಗೆ ಡ್ರೈವಿಂಗ್ ಕಲಸಾಕತ್ತೇವಿ" ಎಂದ ಟಂಟಂ ಅಣ್ಣ.

"ಕಾರ ತಗೊಂಡಾವ್ರಿಗೆ ಕಲಸೂದು ಬಿಟ್ಟು ಕಾರಿಗೆ ಕಲಸ್ತಾರಂತ!" ಎಂದು ಅಜ್ಜ ಬಸಿಗೆ ಸುರಿದ ಚಹಾ ಊದಿದ.

ಕಲಿಸುತ್ತಿದ್ದವಳು ನಾನು. ಕಾರಿನ ಹಿಂದಿನ ಸೀಟಿನಲ್ಲಿ ತಿರುಗಾಡಿ ಬಂದು, ಗೋಕಾಕದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಚೌಕ ಎಳೆದು ಹೆಸರು ಬರೆಯುತ್ತಿದ್ದೆ. ಪ್ರತಿ ಸೋಮವಾರ ಅದನ್ನೆಲ್ಲ ಕಾರಿನ ತಲೆಗೆ ತುಂಬುತ್ತಿದ್ದರು. ಹೆಸರುಗಳು ನನ್ನವಲ್ಲ, ಪಟ್ಟಿ ಮೇಲಿನಿಂದ ಬಂದದ್ದು: ವಾಹನ, ಪಾದಚಾರಿ, ಪ್ರಾಣಿ, ರಸ್ತೆ, ಅಡೆತಡೆ. ಈ ಐದರಲ್ಲಿ ಜಗತ್ತು ಮುಗಿಯಬೇಕು. ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಮೂರು ವಾಹನಗಳಾಯಿತು. ಕಾರಿನ ಕಣ್ಣಿಗೆ ನಮ್ಮ ಭಾಗದಲ್ಲಿ ಮೂರು ಮೂರು ಗಾಡಿಗಳು ಕೂದಲೆಳೆಯ ಅಂತರದಲ್ಲಿ, ಒಂದು ದಿನವೂ ಡಿಕ್ಕಿ ಹೊಡೆಯದೆ, ಅಪೂರ್ವ ಶಿಸ್ತಿನಲ್ಲಿ ಸಾಗುತ್ತಿದ್ದವು. ಕಬ್ಬಿನ ಮೇಲೆ ಮಲಗಿ ಹೋಗುತ್ತಿದ್ದವನು ಪಾದಚಾರಿ.

ಅವಘಡವಾದದ್ದು ಒಂದು ಮಂಗಳವಾರ, ಮುಂಜಾನೆ ಹನ್ನೊಂದರ ಸುಮಾರಿಗೆ. ಗೋಕಾಕದಿಂದ ಮೂಡಲಗಿಗೆ ಹೊರಟಿದ್ದೆವು. ಮಸಗುಪ್ಪಿಯ ಹತ್ತಿರ ಒಂದು ಸಣ್ಣ ಇಳಿಜಾರಿದೆ. ಇಳಿದಲ್ಲಿ ರಸ್ತೆಯ ಎಡ ಅರ್ಧಕ್ಕೆ ಒಬ್ಬ ಹೆಂಗಸು ಒಣಗಿದ ಕಡಲೆ ಗಿಡ ಹರವಿದ್ದಳು. ಇದು ನಮ್ಮ ಕಡೆಯ ರಿವಾಜು. ಫಸಲು ಬಂದಾಗ ಡಾಂಬರು ರಸ್ತೆಯೇ ಕಣ. ಬಸ್ಸು, ಲಾರಿ, ಟಂಟಂ ಎಲ್ಲ ಅದರ ಮೇಲೆ ಹಾದು ಹೋಗಬೇಕು, ಗಾಲಿ ಕಾಳು ಬಿಡಿಸಬೇಕು. ಬಾಜೂಕ ಸರಿದು ಹೋದರೆ ಬೈಗಳು. ಸರಿಯೋ ತಪ್ಪೋ, ಈ ಕಡೆ ಸ್ಟೇರಿಂಗ್ ಹಿಡಿದವರೆಲ್ಲ ಇಷ್ಟು ಬಲ್ಲರು: ಹರವಿದ ಫಸಲಿನ ಮುಂದೆ ಯಾರೂ ನಿಲ್ಲುವುದಿಲ್ಲ.

ನಮ್ಮ ಕಾರು ನಿಂತಿತು. ನಿಧಾನವಾಗಿಯಲ್ಲ, ಗೋಡೆ ಕಂಡಂತೆ ಗಕ್ಕನೆ. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು.

ಕಡಲೆಯ ಹೆಂಗಸು ಕೋಲೂರಿ ಎದ್ದು ಕೂಗಿದಳು: "ಯಾಕ ನಿಂದರಿಸಿದ್ರಿ? ಮ್ಯಾಲ ಹಾಯಸ್ರಿ! ಕಡ್ಲಿ ನಿಮ್ಮನ್ನ ಕಚ್ಚತಾವೇನು?"

"ಸಾಹೇಬ್ರ, ಹಾಯಸ್ಲೇನ್ರಿ?" ಎಂದ ಟಂಟಂ ಅಣ್ಣ. ಅವನ ಕೈ ತೊಡೆಯಿಂದ ಎದ್ದಿತ್ತು.

"ಮುಟ್ಟಬೇಡಿ. ಅದೇ ಏನು ಮಾಡುತ್ತೆ ನೋಡೋಣ" ಎಂದ ಎಂಜಿನಿಯರ್.

ನಾನು ಹಿಂದಕ್ಕೆ ತಿರುಗಿ ನೋಡಿದೆ. ಇಳಿಜಾರಿನ ತಲೆಯ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಕಾಣಿಸಿತು. ಹಿಂದೆ ಎರಡು ಟ್ರೇಲರ್, ಮನೆಯಷ್ಟೆತ್ತರ ಕಬ್ಬು. ನಾವು ಕಡಲೆಯ ಮೇಲೆ ಹಾದು ಹೋಗುತ್ತೇವೆ ಎಂದು ನಂಬಿಯೇ ಅದು ಬರುತ್ತಿತ್ತು. ಎದುರಿನಿಂದ ಮೂಡಲಗಿಯ ಬಸ್ಸು ಬಂದಿತು, ಬಲಗಡೆ ಮುಚ್ಚಿಹೋಯಿತು. "ಅಣ್ಣಾ, ಟ್ರ್ಯಾಕ್ಟರ್!" ಎಂದು ನಾನು ಕಿರುಚಿದೆ. ಕಿರುಚಿದೆ ಎಂದುಕೊಂಡಿದ್ದೆ, ವಿಡಿಯೊದಲ್ಲಿ ಕೇಳಿದರೆ ನನ್ನ ದನಿ ಹೊರಟೇ ಇಲ್ಲ. ಟಂಟಂ ಅಣ್ಣ ಕನ್ನಡಿಯಲ್ಲಿ ತಾನೇ ನೋಡಿ, ಯಾರನ್ನೂ ಕೇಳದೆ ಸ್ಟೇರಿಂಗ್ ಹಿಡಿದು ಕಾಲು ಒತ್ತಿದ. ಕಾರು ಕಡಲೆಯ ಮೇಲೆ ಒಂದು ಮಾರು ಜಿಗಿಯಿತು. ಹಿಂದೆ ಟ್ರ್ಯಾಕ್ಟರಿನ ಮುಖ ಎಡಕ್ಕೆ ಹೊರಳಿ ಹೊಲಕ್ಕೆ ಇಳಿಯಿತು. ಮೊದಲ ಟ್ರೇಲರ್ ಅದರ ಬೆನ್ನು ಹತ್ತಿತು. ಎರಡನೆಯದು ರಸ್ತೆಯ ಅಂಚಿಗೆ ತೊಡರಿ, ಒಂದು ಗಾಲಿ ಎತ್ತಿ, ಯೋಚಿಸುವಂತೆ ಅರೆಗಳಿಗೆ ನಿಂತು, ನಮ್ಮ ಕಡೆಗೆ ಮಗುಚಿತು. ಕಾರಿನ ಹಿಂದಿನ ಗಾಜು ಒಡೆದು ಕಬ್ಬಿನ ತುದಿಗಳು ನನ್ನ ಸೀಟಿನ ಬೆನ್ನಿಗೆ ಬಂದು ಕುಟ್ಟಿದವು. ಆಮೇಲೆ ಹಸಿ ಕಬ್ಬಿನ ವಾಸನೆ. ಈಗಲೂ ಕಬ್ಬಿನ ರಸದ ಅಂಗಡಿ ಕಂಡರೆ ನಾನು ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತೇನೆ.

ಟ್ರ್ಯಾಕ್ಟರಿನವನು ಇಳಿದು ಓಡಿ ಬಂದ. ಐವತ್ತು ದಾಟಿದ ಗಂಡಸು, ಹಣೆಯಿಂದ ರಕ್ತ ಇಳಿಯುತ್ತಿತ್ತು. "ಯಾರಿಗೇನ ಆಗಿಲ್ಲಲ್ರಿ? ಅಕ್ಕಾರ, ಕೈಕಾಲು ಆಡ್ತಾವೇನ್ರಿ?" ಎಂದ. ಆಡುತ್ತಿದ್ದವು. ಅದಾದ ಮೇಲೆ ಅವನು ಎಂಜಿನಿಯರನ ಕಡೆಗೆ ತಿರುಗಿದ. "ಯಾಕ ನಿಂತಿದ್ರಿ ಸಾಹೇಬ್ರ?"

"ಮುಂದೆ ಅಡೆತಡೆ ಇತ್ತು" ಎಂದ ಎಂಜಿನಿಯರ್.

ಟ್ರ್ಯಾಕ್ಟರಿನವನು ಮುಂದೆ ಬಗ್ಗಿ, ಆ ಕಡೆ ಈ ಕಡೆ ನೋಡಿ, ಖರೆ ಖರೆ ತಿಳಿಯದೆ ಕೇಳಿದ: "ಎಲ್ಲಿ?"

ಅರ್ಧ ತಾಸಿನಲ್ಲಿ ಟ್ರ್ಯಾಕ್ಟರಿನ ಮಾಲೀಕ ಬಂದ. ಹಣೆಯ ತುಂಬ ವಿಭೂತಿ, ಕೈಯಲ್ಲಿ ದುಬಾರಿ ಮೊಬೈಲ್. ಮಗುಚಿದ ಟ್ರೇಲರನ್ನು ಸುತ್ತು ಹಾಕಿ ತನ್ನ ಡ್ರೈವರನಿಗೆ, "ಇಪ್ಪತ್ತು ವರ್ಷ ಹೊಡದಿ, ಒಂದು ಕಾರು ನಿಂತದ್ದು ಕಾಣಲಿಲ್ಲೇನಲೇ?" ಎಂದ. ಎಂಜಿನಿಯರ್ ನಡುವೆ ಬಾಯಿ ಹಾಕಿ, "ಜಗಳ ಬೇಡ ಸರ್, ನಮ್ಮಲ್ಲಿ ವಿಡಿಯೊ ಇದೆ. ಯಾರ ತಪ್ಪು ಅಂತ ಅದೇ ಹೇಳುತ್ತೆ" ಎಂದ.

"ಹಂಗಾರ ಅದಾ ಹೇಳ್ಲಿ" ಎಂದ ಮಾಲೀಕ. "ಇವಂದು ತಪ್ಪು ಅಂತ ನಿಮ್ಮ ಕಾಗದದಾಗ ಬಂತಂದ್ರ ಟ್ರ್ಯಾಕ್ಟರಿನ ಕೀಲಿ ಬ್ಯಾರೆದವನ ಕೈಯಾಗ. ಅಲ್ಲೀತನಕ ಕೀಲಿ ನನ್ನ ಕಿಸೆದಾಗ ಇರ್ತೈತಿ."

ಡ್ರೈವರ್ ತನ್ನ ಸೊಂಟದ ದಾರದಿಂದ ಕೀಲಿ ಬಿಚ್ಚಿ ಕೊಟ್ಟ. ಎರಡು ಟ್ರೇಲರುಗಳನ್ನು ಒಮ್ಮೆಗೇ ಹಿಂದಕ್ಕೆ ಸರಿಸಿ ಕಾರ್ಖಾನೆಯ ಗೇಟಿನೊಳಗೆ ಹೊಗಿಸಬಲ್ಲ ಕೈ ಅದು. ಆ ಕೈಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕಬ್ಬಿನ ಹಂಗಾಮಿನ ನಡುವೆ ಕೀಲಿ ಹೋದ ಡ್ರೈವರನನ್ನು ಬೇರೆ ಮಾಲೀಕರು ಕರೆಯುವುದೂ ಇಲ್ಲ.

ಹಾಗಾಗಿ ಆ ಮನುಷ್ಯನ ಟ್ರ್ಯಾಕ್ಟರು ಗೊಬ್ಬರದ ಅಂಗಡಿಯ ಮೇಲೆ ನಾನು ತುಂಬಬೇಕಿದ್ದ ಒಂದು ಕಾಲಮಿನೊಳಗೆ ಬಂದು ನಿಂತಿತು. ಕಾಲಮಿನ ಹೆಸರು 'ಕಾರಣ'. ಆಯ್ಕೆಗಳು ಎರಡು: ಮನುಷ್ಯನ ತಪ್ಪು, ಯಂತ್ರದ ತಪ್ಪು. "ಇದರಲ್ಲಿ ಯೋಚನೆ ಮಾಡೋಕೇನೂ ಇಲ್ಲ ಮೇಡಂ" ಎಂದ ಎಂಜಿನಿಯರ್. "ಹಿಂದಿನ ಗಾಡಿ ಅಂತರ ಕಾಯಬೇಕು. ಪುಸ್ತಕದಲ್ಲೇ ಇದೆ." ಪುಸ್ತಕದಲ್ಲಿ ಇತ್ತು, ನಿಜ. ನಮ್ಮ ಕಾರು ಪುಸ್ತಕ ಓದಿತ್ತು. ಟ್ರ್ಯಾಕ್ಟರಿನವನು ರಸ್ತೆ ಓದಿದ್ದ.

ಮೂರನೆಯ ದಿನ ಮಧ್ಯಾಹ್ನ ಅವನೇ ಕೋಣೆಗೆ ಬಂದ. ಚಪ್ಪಲಿ ಕೆಳಗೆ ಬಿಟ್ಟು, ಹಣೆಗೆ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದ್ದ. "ಶರಣ್ರಿ ಅಕ್ಕಾರ. ನನ್ನ ಸಿನಿಮಾ ಬಂದೈತಂತಲ್ರಿ, ಒಂದ್ಸಲ ತೋರಸ್ರಿ."

ತೋರಿಸಿದೆ. ಅವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ನಾನು ಗೋಡೆ ನೋಡುತ್ತಿದ್ದೆ.

"ಇಲ್ಲಿ ನಿಂದರಸ್ರಿ. ಇಲ್ಲೆ ನಾ ಎಕ್ಸಿಲೇಟರ್ ಬಿಟ್ಟೆ. ನೀವಿನ್ನೂ ಹಾಯಸ್ತೀರಿ ಅಂತ ತಿಳದಿದ್ದೆ. ಈಗ ಮುಂದ ಬಿಡ್ರಿ... ಹಾಂ, ಬಸ್ ಬಂತು."

"ಬ್ರೇಕ್ ಯಾಕ ಹಾಕಲಿಲ್ಲ ಕಾಕಾ?"

ಅವನು ನನ್ನನ್ನು ಸಣ್ಣ ಕೂಸನ್ನು ನೋಡುವಂತೆ ನೋಡಿದ. "ಇಳಕಲದಾಗ ಬ್ರೇಕ್ ಒದ್ದರ ಹಿಂದಿನ ಎರಡೂ ಡಬ್ಬಿ ನಿಂದರತಾವೇನ್ರಿ? ಟ್ರ್ಯಾಕ್ಟರನ್ನ ಮಡಚಿ, ದೂಡಿಕೊಂಡು ಬಂದು ನಿಮ್ಮ ಮ್ಯಾಲ ಕುಂದರತಿದ್ವು. ಹೊಲಕ್ಕ ಒಯ್ದರ, ಹೋದರ ಡಬ್ಬಿ ಹೋಗತೈತಿ, ಇಲ್ಲಂದ್ರ ನಾ ಹೋಗತೇನಿ. ಕಾರಿನಾಗ ನಾಕು ಮಂದಿ ಇದ್ರಿ."

"ಮೂರ ಮಂದಿ ಕಾಕಾ."

"ನಿಮ್ಮ ಮಿಷನ್ನೂ ಹಿಡದ ಎಣಸಿನ್ರಿ. ಓಡಸಾವ ಅವನಾ ಅಲ್ಲೇನು?" ಎಂದು ನಕ್ಕ. ನಗು ಅಲ್ಲಿಗೇ ನಿಂತಿತು. "ಅಕ್ಕಾರ, ನೀವು ಕಲತಾವ್ರು. ಇದರಾಗ ನನ್ನ ತಪ್ಪು ಎಲ್ಲೈತಿ ಬೆರಳು ಇಟ್ಟು ತೋರಸ್ರಿ. ಖರೇನ ಇದ್ರ ಕೀಲಿ ಕೇಳೂದಿಲ್ಲ."

ಎಲ್ಲಿಯೂ ಬೆರಳಿಡಲು ನನಗಾಗಲಿಲ್ಲ. ಅವನು ಹೋದ ಮೇಲೆ ಒಂದು ಪ್ರಶ್ನೆ ಕೊರೆಯತೊಡಗಿತು. ಅದರ ಹಿಂದಿನ ವಾರವೂ ನಾವು ಹರವಿದ ಫಸಲು ದಾಟಿದ್ದೆವಲ್ಲ, ಆಗ ಕಾರು ನಿಂತಿರಲಿಲ್ಲ. ಹಳೆಯ ತುಣುಕುಗಳನ್ನು ತೆಗೆದು ನೋಡಿದೆ. ಘೋಡಗೇರಿಯ ಹತ್ತಿರ ತೊಗರಿ, ಕಾರು ಸ್ವಲ್ಪ ನಿಧಾನಿಸಿ ಅದರ ಮೇಲೆ ಹಾದಿದೆ. ಮತ್ತೊಂದೆಡೆ ಕಡಲೆ, ಅದರ ಮೇಲೂ ಹಾದಿದೆ. ಎರಡರ ಸುತ್ತಲೂ ನಾನೇ ಚೌಕ ಎಳೆದಿದ್ದೇನೆ, ನಾನೇ ಹೆಸರು ಬರೆದಿದ್ದೇನೆ. ತೊಗರಿ: ಅಡೆತಡೆ. ಕಡಲೆ: ಅಡೆತಡೆ. ಇಪ್ಪತ್ತಕ್ಕೂ ಹೆಚ್ಚು ಕಡೆ ಹಾಗೆಯೇ. ಅವಘಡದ ಹಿಂದಿನ ದಿನ ಸೋಮವಾರ ಅವೆಲ್ಲವನ್ನೂ ಕಾರಿನ ತಲೆಗೆ ತುಂಬಿದ್ದರು. ಮಂಗಳವಾರ ಅದು ವಿಧೇಯ ವಿದ್ಯಾರ್ಥಿಯಂತೆ ಕಡಲೆಯ ಮುಂದೆ ನಿಂತಿತು.

ತಿಳಿಯದೆ ಬರೆದೆ ಎನ್ನುವಂತಿಲ್ಲ. ಪಟ್ಟಿಯಲ್ಲಿ 'ರಸ್ತೆ' ಎಂಬ ಹೆಸರೂ ಇತ್ತು. ಘೋಡಗೇರಿ ನನ್ನ ತವರು. ನಮ್ಮ ಮನೆಯ ಕಡಲೆಯನ್ನೂ ಮಂದಿಯ ಗಾಲಿಗೆ ಹಾಕಿಯೇ ಬಿಡಿಸಿದ್ದು. ಬಾಜೂಕ ಸರಿದು ಹೋದ ಜೀಪಿಗೆ ನಾನೇ ಬೈದಿದ್ದೇನೆ. ಆದರೆ ಬೆಂಗಳೂರು ಕಡೆಯ ಎಂಜಿನಿಯರ್ ಬಾಜೂಕ ನಿಂತು, "ಇದೇನು ಮೇಡಂ, ರೋಡ್ ಮೇಲೆ?" ಎಂದು ಹುಬ್ಬೇರಿಸಿದಾಗ ನಾನು ಇಡೀ ತಾಲೂಕಿನ ಪರವಾಗಿ ನಾಚಿದೆ. "ಇಲ್ಲಿನವರಿಗೆ ಸಿವಿಕ್ ಸೆನ್ಸ್ ಇಲ್ಲ" ಎಂದೆ. ಅಡೆತಡೆ ಎಂದು ಒತ್ತಿದೆ. ಒಂದು ಪದವಿ ಸಿಕ್ಕ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಇದು: ಅವ್ವ ಮಾಡುವ ಕೆಲಸಕ್ಕೆ ಹೊರಗಿನವರ ಪಟ್ಟಿಯಿಂದ ಹೆಸರು ಹುಡುಕುವುದು. ಮನುಷ್ಯರಾಗಿದ್ದರೆ ನನ್ನ ಮಾತು ಕೇಳಿ ನಕ್ಕು ಬಿಡುತ್ತಿದ್ದರು. ಯಂತ್ರ ನಂಬಿತು.

ಎಂಜಿನಿಯರನಿಗೆ ಎಲ್ಲ ತೋರಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು. ವಾರದಿಂದ ಅವನಿಗೂ ಮೇಲಿನವರು ಕಾರು ನಿಂತದ್ದೇಕೆ ಎಂದು ಕೇಳುತ್ತಿದ್ದರಂತೆ.

"ಅಂದ್ರೆ ಯಂತ್ರದ್ದು ಏನೂ ಇಲ್ಲ! ಹೇಳಿಕೊಟ್ಟದ್ದನ್ನ ಸರಿಯಾಗೇ ಮಾಡಿದೆ. ಲೇಬಲ್ ತಪ್ಪು. ಲೇಬಲ್ ತಪ್ಪು ಅಂದ್ರೆ ಮನುಷ್ಯನ ತಪ್ಪೇ ಮೇಡಂ. ಕಾಲಮ್ ಬದಲಾಯಿಸೋದೂ ಬೇಡ."

"ಮುಟ್ಟಬ್ಯಾಡ್ರಿ ಅಂದವರು ಯಾರು? ಅದು ಯಾವ ಕಾಲಮಿಗೆ ಹೋಗತೈತಿ?" ಎಂದು ಕೇಳಿದೆ.

"ಅದು ಪ್ರೊಟೊಕಾಲ್" ಎಂದ. ಪ್ರೊಟೊಕಾಲಿಗೆ ಕಾಲಮ್ ಇರಲಿಲ್ಲ.

"ಮನುಷ್ಯನ ತಪ್ಪು ಅಂತನಾ ಇರ್ಲಿ. ಯಾವ ಮನುಷ್ಯ ಅಂತ ಕೆಳಗ ಬರೀತೇನಿ. ಅದರ ಪ್ರತಿ ಒಂದು ನನಗ ಬೇಕು, ನಿಮ್ಮ ಸಹಿ ಹಾಕಿ."

"ಬರೆದರೆ ನಿಮ್ಮನ್ನ ಕೆಲಸದಿಂದ ತೆಗೀತಾರೆ ಮೇಡಂ. ಯೋಚನೆ ಮಾಡಿ."

ಯೋಚನೆ ಮಾಡಿದ್ದೆ. ಷರಾ ಎಂಬಲ್ಲಿ ಬರೆದೆ: ಟ್ರ್ಯಾಕ್ಟರ್ ಚಾಲಕನ ತಪ್ಪಿಲ್ಲ, ಆತ ಹೊಲಕ್ಕೆ ಇಳಿಸಿದ್ದರಿಂದ ಕಾರಿನಲ್ಲಿದ್ದವರು ಉಳಿದರು, ರಸ್ತೆಯನ್ನು ಅಡೆತಡೆ ಎಂದು ಕಲಿಸಿದವಳು ನಾನು. ಎಂಜಿನಿಯರ್ ಎರಡು ಸಲ ಓದಿ ಸಹಿ ಹಾಕಿದ. ಅವನಿಗೆ ಅದರಿಂದ ಅನುಕೂಲವೇ ಇತ್ತು. ನನ್ನ ಕೆಲಸ ಆ ಸಂಜೆಯೇ ಮುಗಿಯಿತು.

ಮರುದಿನ ಕಾಗದ ಹಿಡಿದು ಮಾಲೀಕನ ಮನೆಗೆ ಹೋದೆ. ಡ್ರೈವರ್ ದಿನಾಲೂ ಅಲ್ಲಿಯೇ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದನಂತೆ. ಮಾಲೀಕ ಕಾಗದವನ್ನು ದೂರ ಹಿಡಿದು, ಕನ್ನಡಕ ಏರಿಸಿ, ದಪ್ಪ ಅಕ್ಷರದ್ದನ್ನಷ್ಟೇ ಓದಿದ.

"ಮನುಷ್ಯನ ತಪ್ಪು ಅಂತ ಐತಲ್ರಿ ಇಲ್ಲಿ. ನಾ ಅಂದಿದ್ದಿಲ್ಲೇನು?"

ಕಟ್ಟೆಯ ಮೇಲಿನವನು ಎದ್ದು ನಿಂತ.

"ಕೆಳಗ ಓದ್ರಿ ಸಾವ್ಕಾರ್ರ. ಆ ಮನುಷ್ಯಾ ನಾನು" ಎಂದೆ.

ಅವನು ಓದಿದ. ಮತ್ತೆ ಮೇಲಿನಿಂದ ಓದಿದ. ಕಾಗದದಿಂದ ನನ್ನನ್ನೂ ನನ್ನಿಂದ ಕಾಗದವನ್ನೂ ನೋಡಿದ. "ಅಕ್ಕಾರ, ನೀವು ಕಡ್ಲಿಗೆ ಏನೋ ಬರದ್ರಿ, ಅದಕ್ಕ ನನ್ನ ಡಬ್ಬಿ ಬಿತ್ತು. ಹಿಂಗ?"

"ಹಂಗಾ ರಿ."

"ಸಾಲಿ ಕಲತಾವ್ರ ಕೈಯಾಗ ಒಂದು ಪೆನ್ನು ಕೊಟ್ಟರ ಹತ್ತು ಟನ್ ಕಬ್ಬು ಕೆಡವತಾರ ನೋಡಪಾ!" ಎಂದು ಒಳಗಿನವರಿಗೂ ಕೇಳುವಂತೆ ಕೂಗಿ, ಹೊಟ್ಟೆ ಕುಣಿಸಿ ನಕ್ಕ. ನಾನು ನಿಂತು ಕೇಳಿದೆ. ಕೇಳಬೇಕಾದದ್ದೇ. ಆಮೇಲೆ ಕಿಸೆಯಿಂದ ಕೀಲಿ ತೆಗೆದು ಡ್ರೈವರನ ಕಡೆಗೆ ಎಸೆದ. "ನಡಿ, ವಾರದ ಕಬ್ಬು ಹೊಲದಾಗ ಒಣಗಾಕತ್ತೈತಿ."

ನಾನು ಬರೆದದ್ದಕ್ಕೆ ಡ್ರೈವರನ ಹಣೆ ಒಡೆದಿತ್ತು, ಮತ್ತೆ ನಾನೇ ಬರೆದದ್ದಕ್ಕೆ ಕೀಲಿ ಬಂದಿತ್ತು. ಅವನು ಕೀಲಿಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡು, ದಾರವನ್ನು ಎಳೆದು ನೋಡಿ, ಟ್ರ್ಯಾಕ್ಟರ್ ಹತ್ತಿದ.

ನಾನು ಗೋಕಾಕದ ಬಸ್ಸಿಗೆ ರಸ್ತೆಯ ಬದಿಗೆ ಬಂದು ನಿಂತಿದ್ದೆ. ಅವನು ಅದೇ ದಾರಿಯಲ್ಲಿ ಬಂದ. ಟ್ರೇಲರುಗಳು ಖಾಲಿ, ವೇಗವೂ ಇರಲಿಲ್ಲ, ನನ್ನನ್ನು ಕಂಡು ಇನ್ನಷ್ಟು ನಿಧಾನಿಸಿದ. ಅವನ ತಪ್ಪಿಲ್ಲ, ನಮ್ಮನ್ನು ಉಳಿಸಿದವನೇ ಅವನು ಎಂದು ನಾನೇ ಬರೆದ ಕಾಗದ ನನ್ನ ಚೀಲದಲ್ಲೇ ಇತ್ತು. ಆದರೂ ನನ್ನ ಕಾಲು ನನ್ನನ್ನು ಕೇಳಲಿಲ್ಲ. ಹಿಂದೆ ಹಿಂದೆ ಸರಿದು, ಸೀರೆ ಮುಳ್ಳಿಗೆ ಸಿಕ್ಕಿ, ಯಾರದೋ ಗೋಧಿ ಹೊಲದ ನಡುವೆ ಮೊಣಕಾಲುದ್ದ ಪೈರಿನಲ್ಲಿ ನಿಂತಿದ್ದೆ.

"ಅಕ್ಕಾರ, ಹೊಲದಾಗ ನಿಂದರಬ್ಯಾಡ್ರಿ" ಎಂದು ಅವನು ಮೇಲಿನಿಂದ ಕೂಗಿದ. "ಅಲ್ಲಿಗೂ ಬರತೇನಿ ನಾನು!"